ಅಜ್ಜಿಗೆ ಬರೆದ ನಾಲ್ಕು ಕಾರ್ಡುಗಳು

ಪರದೇಶಕ್ಕೆ ಓದಲು ಹೋದವರು ಊರಿಗೆ ಮರಳಿದಾಗ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ, "ಏನೇನು ನೋಡಿ ಬಂದೆ?" ಎಂಬುದು. ನಾನೂ ಬಹಳ ದಿನ ಗೋಪುರಗಳ, ಸೇತುವೆಗಳ, ಹಿಮದ ಬೆಟ್ಟಗಳ ಹೆಸರು ಹೇಳಿ ಪಾರಾಗುತ್ತಿದ್ದೆ. ನಿಜ ಹೇಳಬೇಕೆಂದರೆ, 2019ರ ಮಾರ್ಚಿನಲ್ಲಿ ಹತ್ತು ದಿನ ಯುರೋಪಿನ ಕೆಲವು ದೇಶಗಳನ್ನು ಸುತ್ತಿದ ನಾನು ಅಲ್ಲಿಂದ ಕಲಿತು ಬಂದದ್ದು ಕನ್ನಡದ ಅಕ್ಷರಮಾಲೆಯನ್ನು. ಕೇಳಿದವರು ನಗಬಹುದು. ಆದ್ದರಿಂದ ಆ ಸಂಗತಿಯನ್ನು ಮೊದಲಿನಿಂದಲೇ ಹೇಳುತ್ತೇನೆ.

ನಮ್ಮದು ನಾರಾಯಣಪೇಟೆಯ ನೇಕಾರ ಮನೆತನ. ಮಗ್ಗದ ಸದ್ದಿನಲ್ಲಿ ಬೆಳೆದ ನಾನು ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ವಸ್ತ್ರ ತಂತ್ರಜ್ಞಾನವನ್ನು ಓದಲು ಹೋದೆ. ತಾಯಿಯ ತಾಯಿ ಮಕ್ತಲದಲ್ಲಿದ್ದಾಳೆ. ಅವಳು ಹುಟ್ಟಿದ್ದು ಗದ್ವಾಲದಲ್ಲಿ, ಕೃಷ್ಣೆ ತುಂಗಭದ್ರೆಗಳ ನಡುವಣ ನಡಿಗಡ್ಡ ಸೀಮೆಯಲ್ಲಿ. ಆಗ ಗದ್ವಾಲವು ರಾಯಚೂರು ಜಿಲ್ಲೆಯ ತಾಲೂಕಾಗಿತ್ತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಉಳಿದವು. 2014ರಲ್ಲಿ ತೆಲಂಗಾಣವಾಯಿತು. ಹೀಗೆ ನಮ್ಮ ಅಜ್ಜಿ ಈ ಎರಡು ಊರುಗಳ ಆಚೆಗೆ ವಾಸ ಬದಲಿಸದೆ ಮೂರು ರಾಜ್ಯಗಳ ಪ್ರಜೆಯಾದಳು. ನಾನು ಆಖೆನ್‌ನಲ್ಲಿದ್ದಾಗಲೇ, 2019ರ ಫೆಬ್ರವರಿ 17ರಂದು, ನಾರಾಯಣಪೇಟೆ ಹೊಸ ಜಿಲ್ಲೆಯಾಗಿ ಮಕ್ತಲವೂ ಅದರೊಳಗೆ ಬಂದಿತು. ಜಿಲ್ಲೆಯೂ ಬದಲಾಯಿತೆಂದು ತಮ್ಮ ತಿಳಿಸಿದಾಗ ಅಜ್ಜಿ, "ಮನಿ ಬಾಗಿಲು ಅಲ್ಲೇ ಅದಲ್ಲ?" ಎಂದು ಕೇಳಿದಳಂತೆ.

ಅಜ್ಜಿಗೆ ತಂದೆ ಮನೆಯಲ್ಲಿಯೇ ಕನ್ನಡ ಅಕ್ಷರ ತಿದ್ದಿಸಿದ್ದರು. ತೆಲುಗು ಆಡುತ್ತಾಳೆ, ಓದಲಾರಳು. ನನ್ನ ಸ್ಥಿತಿ ಅದಕ್ಕೆ ತಿರುಗುಮುರುಗು. ಮನೆಯಲ್ಲಿ ಆಡಿದ್ದೆಲ್ಲ ಕನ್ನಡ. ಶಾಲೆಯಲ್ಲಿ ಬರೆದದ್ದೆಲ್ಲ ತೆಲುಗು, ಆಮೇಲೆ ಇಂಗ್ಲಿಷು. ಗಡಿಯ ಕೆಲವು ಊರುಗಳಲ್ಲಿ ಕನ್ನಡ ಶಾಲೆಗಳುಂಟು. ನಾನು ಓದಿದ್ದು ಅವುಗಳಲ್ಲಿ ಅಲ್ಲ. ಇದೊಂದು ಕೊರತೆಯೆಂದು ನನಗೆ ಎಂದೂ ತೋರಿರಲಿಲ್ಲ. ಅಜ್ಜಿಯೊಡನೆ ಮಾತಾಡಲು ಅಕ್ಷರವೇಕೆ? ಬಾಯಿ ಸಾಕಾಗಿತ್ತು.

ಆದರೆ ನಾನು ಹೋದ ವರ್ಷವೇ ಅಜ್ಜಿಯ ಕಿವಿ ಪೂರ್ತಿ ಮಂದವಾಯಿತು. ಫೋನಿನಲ್ಲಿ ನಾನು ಕೂಗುವುದು, ಅವಳು "ಏನಂದಿ?" ಎನ್ನುವುದು, ಕಡೆಗೆ ಇಬ್ಬರೂ ಸೋತು ಸುಮ್ಮನಾಗುವುದು. "ಕಾಗದ ಬರಿ, ಓದ್ಕೊಂತೀನಿ" ಎಂದಳು. ಆಗ ನನಗೆ ಎದೆ ಝಲ್ಲೆಂದಿತು. ಇಷ್ಟು ವರ್ಷ ಎತ್ತಿ ಆಡಿಸಿದ ಅಜ್ಜಿಗೆ ಅವಳು ಓದಬಲ್ಲ ಒಂದು ಸಾಲನ್ನೂ ನಾನು ಬರೆಯಲಾರದವಳಾಗಿದ್ದೆ.

ಚಳಿಗಾಲದ ಪಾಠಗಳು ಮುಗಿದು, ಪರೀಕ್ಷೆಗಳು ತೀರಿ, ಏಪ್ರಿಲಿನಲ್ಲಿ ಮತ್ತೆ ಪಾಠ ಮೊದಲಾಗುವ ಮುನ್ನ ಸಿಕ್ಕ ವಸಂತದ ರಜೆಯಲ್ಲಿ ನಾನೂ ಹೈದರಾಬಾದಿನ ಒಬ್ಬ ಗೆಳತಿಯೂ ಹೊರಟೆವು. ಕೈಯಲ್ಲಿ ಹಣ ಕಡಿಮೆ. ರಾತ್ರಿಯ ಬಸ್ಸು, ಅಗ್ಗದ ವಸತಿಗೃಹ. ಚೀಲದಲ್ಲಿ ಅಜ್ಜಿ ಕಟ್ಟಿಕೊಟ್ಟ ಹಿಂಡಿಯ ಪೊಟ್ಟಣಗಳು. ಒಂದೊಂದರ ಮೇಲೂ ಚೀಟಿ ಅಂಟಿಸಿ ತನ್ನ ದುಂಡು ಅಕ್ಷರದಲ್ಲಿ ಹೆಸರು ಬರೆದಿದ್ದಳು. ನಾನು ಮಾತ್ರ ಅವನ್ನು ಮೂಗಿನಿಂದಲೇ ಗುರುತಿಸುತ್ತಿದ್ದೆ.

ಮೊದಲ ದಿನ ಆಖೆನ್‌ನಿಂದ ಊರ ಬಸ್ಸಿನಲ್ಲಿಯೇ ನೆದರ್ಲೆಂಡಿನ ವಾಲ್ಸ್ ಎಂಬ ಊರಿಗೆ ಹೋದೆವು. ದೇಶ ದಾಟಿದ್ದು ತಿಳಿಯಲೇ ಇಲ್ಲ. ಅಲ್ಲಿಯ ಗುಡ್ಡದ ಮೇಲೆ, 322 ಮೀಟರ್ ಎತ್ತರದಲ್ಲಿ, ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ ಮೂರೂ ಕೂಡುವ ಜಾಗವುಂಟು, ಗುರುತಿಗೊಂದು ಕಲ್ಲು. ಮಕ್ಕಳು ಕಲ್ಲಿನ ಸುತ್ತ ಓಡಿ, ಒಂದು ಉಸಿರಿನಲ್ಲಿ ಮೂರು ದೇಶ ಮುಟ್ಟಿ ನಗುತ್ತಿದ್ದರು. ಅಜ್ಜಿಯ ನೆನಪಾಗಿ ಒಂದು ಚಿತ್ರದ ಕಾರ್ಡು ಕೊಂಡೆ. ಕನ್ನಡದ ಮಾತುಗಳನ್ನೇ ತೆಲುಗು ಅಕ್ಷರಗಳಲ್ಲಿ ಬರೆದು ಹಾಕಿದೆ. ಎರಡು ಲಿಪಿಗಳೂ ಒಡಹುಟ್ಟಿದವಲ್ಲವೆ, ಹೇಗೋ ಓದಿಕೊಂಡಾಳು ಎಂಬ ಧೈರ್ಯ.

ಎರಡನೆಯ ಊರು ಓಯ್ಪೆನ್. ಇದೂ ಆಖೆನ್‌ಗೆ ಸಮೀಪ, ಆದರೆ ಬೆಲ್ಜಿಯಂ ದೇಶದ್ದು. ಹಿಂದೆ ಉಣ್ಣೆ ಬಟ್ಟೆಗೆ ಹೆಸರಾದ ಊರೆಂದು ಕೇಳಿ, ನೇಕಾರರ ಮಗಳಾದ ನಾನು ಆಸೆಯಿಂದ ಹೋದೆ. ಬಟ್ಟೆ ವರ್ತಕರ ಹಳೆಯ ಮನೆಗಳು ಈಗಲೂ ನಿಂತಿವೆ. ಬೆಲ್ಜಿಯಂ ಎಂದರೆ ಫ್ರೆಂಚ್ ಅಥವಾ ಡಚ್ ಎಂದುಕೊಂಡಿದ್ದ ನನಗೆ ಅಂಗಡಿಯ ಹಲಗೆಗಳೆಲ್ಲ ಜರ್ಮನ್ ಭಾಷೆಯಲ್ಲಿರುವುದನ್ನು ಕಂಡು ಬೆರಗಾಯಿತು. ಒಂದು ಬ್ರೆಡ್ಡಿನ ಅಂಗಡಿಯಲ್ಲಿದ್ದ ವೃದ್ಧೆಯನ್ನು ನನ್ನ ಅರೆಬರೆ ಜರ್ಮನಿನಲ್ಲಿ, "ತಾವು ಜರ್ಮನಿಯವರೆ?" ಎಂದು ಕೇಳಿದೆ.

ಆಕೆ ನಕ್ಕು, "ಅಲ್ಲಮ್ಮ, ನಾನು ಬೆಲ್ಜಿಯಂನವಳು. ನನ್ನ ಮಾತು ಜರ್ಮನ್" ಎಂದರು. ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಆ ಸೀಮೆ ಜರ್ಮನಿಯಿಂದ ಬೆಲ್ಜಿಯಂಗೆ ಹೋಯಿತು. 1940ರಲ್ಲಿ ಹಿಟ್ಲರನ ಸೈನ್ಯ ಅದನ್ನು ಮರಳಿ ಕಸಿದುಕೊಂಡಿತು. ಯುದ್ಧ ಮುಗಿದಾಗ ಮತ್ತೆ ಬೆಲ್ಜಿಯಂ. "ನನ್ನ ಅಜ್ಜಿ ಹುಟ್ಟಿದ್ದು ಒಂದು ದೇಶದಲ್ಲಿ, ಶಾಲೆಗೆ ಹೋದದ್ದು ಇನ್ನೊಂದರಲ್ಲಿ, ಮಕ್ಕಳ ಮದುವೆ ಮಾಡಿದ್ದು ಮತ್ತೆ ಮೊದಲಿನದರಲ್ಲಿ. ಮನೆ ಮಾತ್ರ ಇದೇ ಬೀದಿಯಲ್ಲಿತ್ತು" ಎಂದು ಆಕೆ ಹೇಳಿದಾಗ ನನಗೆ ಮಕ್ತಲದ ಬಾಗಿಲು ಕಂಡಂತಾಯಿತು.

ಇಂದು ಬೆಲ್ಜಿಯಂನಲ್ಲಿ ಜರ್ಮನ್ ಆಡುವವರ ಈ ಸಮುದಾಯ ಸುಮಾರು ಎಂಬತ್ತು ಸಾವಿರ ಜನರದು. ಅಷ್ಟೇ ಜನರಿಗೆ ತಮ್ಮ ಭಾಷೆಯ ಶಾಲೆಗಳುಂಟು, ಓಯ್ಪೆನ್‌ನಲ್ಲಿ ತಮ್ಮದೊಂದು ಶಾಸನಸಭೆಯುಂಟು, 1927ರಿಂದ ನಡೆದುಬಂದ ದಿನಪತ್ರಿಕೆಯುಂಟು. ಆ ಪತ್ರಿಕೆಯ ಹೆಸರು 'ಗ್ರೆಂಟ್ಸ್ ಎಖೊ', ಎಂದರೆ ಗಡಿಯ ಪ್ರತಿಧ್ವನಿ. ಆಕೆ ಮುಂದಿದ್ದ ಪತ್ರಿಕೆಯನ್ನು ಮಡಿಸುತ್ತ, "ನಿಮ್ಮ ಕಡೆಯೂ ಗಡಿಯಂತೀರಿ. ನಿಮ್ಮ ಭಾಷೆಯ ಪತ್ರಿಕೆ ಮನೆಗೆ ಬರುತ್ತದೆಯೆ?" ಎಂದು ಸಹಜವಾಗಿ ಕೇಳಿದರು. "ಬರುತ್ತದೆ, ಅಜ್ಜಿ ಓದುತ್ತಾಳೆ" ಎಂದೆ. "ನೀನು?" ಎಂದರು. ಉತ್ತರ ಹೇಳಲು ಜರ್ಮನ್ ಸಾಲದೆಂಬಂತೆ ನಟಿಸಿ ಬ್ರೆಡ್ಡು ಕೊಂಡು ಹೊರಬಂದೆ. ಅಂದಿನ ಕಾರ್ಡನ್ನೂ ತೆಲುಗು ಅಕ್ಷರದಲ್ಲಿಯೇ ಬರೆದೆ. ಆದರೆ ಅಂಚೆಪೆಟ್ಟಿಗೆಗೆ ಹಾಕುವಾಗ ಕೈ ಹಿಂದೆಗೆಯಿತು.

ಅಂದು ರಾತ್ರಿ ಬ್ರೆಡ್ಡಿಗೆ ಹಿಂಡಿ ಹಚ್ಚಿಕೊಂಡು ತಿನ್ನುತ್ತ ಪೊಟ್ಟಣದ ಚೀಟಿಯನ್ನು ಮೊದಲ ಸಲ ಕಣ್ಣಿಟ್ಟು ನೋಡಿದೆ. ಒಳಗಿರುವುದು ಶೇಂಗಾ ಹಿಂಡಿಯೆಂದು ನಾಲಗೆಗೆ ಗೊತ್ತು. ಹಾಗಾದರೆ ಮೊದಲ ಅಕ್ಷರ 'ಶೇ' ಆಗಿರಬೇಕು. ಅಗಸಿ ಹಿಂಡಿಯ ಚೀಟಿಯಿಂದ 'ಅ', 'ಗ', 'ಸಿ' ಸಿಕ್ಕವು. ಗುರೆಳ್ಳಿನ ಚೀಟಿಯಿಂದ 'ಳ'ಕಾರದ ಒತ್ತು ಸಿಕ್ಕಿತು. ಉಳಿದ ಅಕ್ಷರಗಳನ್ನು ಫೋನಿನಲ್ಲಿ ಹುಡುಕಿ ತೆಗೆದೆ. ಗೆಳತಿ ಮಲಗಿದ್ದಳು. ನಾನು ಬಸ್ಸಿನ ಟಿಕೀಟಿನ ಹಿಂಬದಿಯಲ್ಲಿ ಐದು ವರ್ಷದ ಮಗುವಿನಂತೆ ತಿದ್ದತೊಡಗಿದೆ.

ಮೂರನೆಯ ಕಾರ್ಡು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯದು. ಮೋಸೆಲ್ ನದಿಯ ದಡದ ಪುಟ್ಟ ಊರು. ಸೇತುವೆಯಾಚೆ ಜರ್ಮನಿ, ಪಕ್ಕದಲ್ಲಿಯೇ ಫ್ರಾನ್ಸ್. 1985ರ ಜೂನ್ 14ರಂದು ಇಲ್ಲಿ, ನದಿಯ ಮೇಲೆ ನಿಂತ ಹಡಗೊಂದರಲ್ಲಿ, ಐದು ದೇಶದವರು ತಮ್ಮ ನಡುವಣ ಗಡಿ ತಪಾಸಣೆಯನ್ನು ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದರು. ಸೇತುವೆಯ ಮೇಲೆ ನಡೆಯುವಾಗ ಗೆಳತಿಗೆ ಸೋಜಿಗ. ನನಗೆ ಅಷ್ಟು ಸೋಜಿಗವಾಗಲಿಲ್ಲ. ಮಕ್ತಲದಿಂದ ಕೃಷ್ಣೆಯ ಸೇತುವೆ ದಾಟಿ ದೇವಸೂಗೂರಿಗೆ, ರಾಯಚೂರಿಗೆ ನಾವು ಹೋಗಿಬರುವುದೂ ಹೀಗೆಯೇ ಅಲ್ಲವೆ? ಸೀರೆ ಮಾರಲು, ಹೆಣ್ಣು ಕೊಡಲು, ಜಾತ್ರೆಗೆ ಹೋಗಲು ನಮ್ಮನ್ನು ಯಾರು ತಡೆದರು? ಆ ಕಾರ್ಡಿನಲ್ಲಿ ಊರ ಹೆಸರನ್ನು ಮಾತ್ರ ಕನ್ನಡ ಅಕ್ಷರದಲ್ಲಿ ಬರೆದೆ. ಚೀಟಿಯ ಶೇಂಗಾವನ್ನು ನೋಡಿಕೊಂಡೇ ಶೆಂಗೆನ್ ಎಂದು ಬರೆದದ್ದು.

ಕಡೆಯ ಊರು ಇಟಲಿಯ ಬೊಲ್ಜಾನೊ. ಮ್ಯೂನಿಕ್ಕಿನಿಂದ ರೈಲು ಹತ್ತಿ, ಬ್ರೆನ್ನರ್ ಕಣಿವೆಯನ್ನು ದಾಟಿ ಇಳಿದರೆ ನಿಲ್ದಾಣದಲ್ಲಿಯೇ ಊರಿಗೆ ಎರಡು ಹೆಸರು: ಇಟಾಲಿಯನ್ನಿನಲ್ಲಿ ಬೊಲ್ಜಾನೊ, ಜರ್ಮನಿನಲ್ಲಿ ಬೋತ್ಸೆನ್. ದಕ್ಷಿಣ ಟಿರೋಲ್ ಎಂಬ ಈ ಸೀಮೆ 1919ರ ಒಪ್ಪಂದದಿಂದ ಆಸ್ಟ್ರಿಯಾದ ಕೈಬಿಟ್ಟು ಇಟಲಿಗೆ ಸೇರಿತು. ಮುಸೊಲಿನಿಯ ಕಾಲದಲ್ಲಿ ಶಾಲೆಗಳಿಂದ ಜರ್ಮನ್ ಭಾಷೆಯನ್ನು ತೆಗೆದುಹಾಕಿದರು. ಆಗ ಜನ ನೆಲಮಾಳಿಗೆಗಳಲ್ಲಿ, ಹೊಲಮನೆಗಳಲ್ಲಿ ಗುಟ್ಟಾಗಿ ಮಕ್ಕಳಿಗೆ ಅಕ್ಷರ ಕಲಿಸಿದರು. ಕಲಿಸಿದವರಲ್ಲಿ ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಸಿಕ್ಕಿಬಿದ್ದವರಿಗೆ ಸೆರೆವಾಸವೂ ಆಯಿತು. 1972ರ ಸ್ವಾಯತ್ತತೆಯ ಶಾಸನ ಬರುವಷ್ಟರಲ್ಲಿ ಆ ಅಕ್ಷರಗಳು ಬದುಕಿ ಉಳಿದಿದ್ದವು.

ಅಂದು ಸಂಜೆ ಊರ ಚೌಕದಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದೆ. ನಮಗೆ ಯಾರೂ ಕನ್ನಡ ಬರೆಯಬೇಡಿರೆಂದು ಹೇಳಲಿಲ್ಲ. ತೆಲುಗು ನಮಗೆ ಅನ್ನ ಕೊಟ್ಟ ಭಾಷೆ, ಗೆಳೆತನ ಕೊಟ್ಟ ಭಾಷೆ. ಅದರ ಮೇಲೆ ದೂರು ಹೊರಿಸುವುದು ಅನ್ಯಾಯ. ನಮ್ಮ ಮನೆಯಿಂದ ಮೂರು ಮಾರು ದೂರದಲ್ಲಿ ಅಜ್ಜಿಯ ಕೈ ಇತ್ತು, ಪೆನ್ಸಿಲು ಇತ್ತು, ರಜೆಯ ದಿನಗಳಿದ್ದವು. ಕಲಿಯಬೇಕೆಂದು ನನಗೆ ತೋರಲಿಲ್ಲ, ಕಲಿಸಬೇಕೆಂದು ಮನೆಯವರಿಗೆ ತೋರಲಿಲ್ಲ, ಅಷ್ಟೆ. ಗಡಿ ಮಾಡದ ಕೆಲಸವನ್ನು ನಮ್ಮ ಉದಾಸೀನ ಮಾಡಿತ್ತು.

ನಾಲ್ಕನೆಯ ಕಾರ್ಡನ್ನು ಆದಿಯಿಂದ ಅಂತ್ಯದವರೆಗೆ ಕನ್ನಡದಲ್ಲಿ ಬರೆದೆ. ಆರು ಸಾಲಿಗೆ ಒಂದೂವರೆ ಗಂಟೆ ಹಿಡಿಯಿತು.

ಮೇ ತಿಂಗಳಲ್ಲಿ ತಮ್ಮ ಫೋನಿಗೊಂದು ಚಿತ್ರ ಕಳಿಸಿದ. ನನ್ನ ಕಾರ್ಡೇ ಅದು. ಮೇಲೆಲ್ಲ ಅಜ್ಜಿಯ ಪೆನ್ಸಿಲಿನ ಗುರುತು. "ಇಲ್ಲಿ ದೇಶ ಬೇರೆ, ಭಾಷೆ ಬೇರೆ" ಎಂದು ನಾನು ಬರೆಯಹೊರಟಿದ್ದೆ. ತೆಲುಗಿನಲ್ಲಿ ಏತ್ವಕ್ಕೆ ದೀರ್ಘವನ್ನು ಬೇರೆಯಾಗಿ ಪಕ್ಕದಲ್ಲಿ ಬರೆಯುವ ರೂಢಿಯಿಲ್ಲ. ಆ ಅಭ್ಯಾಸದಲ್ಲಿ ದೀರ್ಘ ಬಿಟ್ಟು "ದೆಶ ಬೆರೆ, ಭಾಷೆ ಬೆರೆ" ಎಂದಾಗಿತ್ತು. ಅಜ್ಜಿ ಒಂದೊಂದಕ್ಕೂ ದೀರ್ಘವೆಳೆದು ಕೆಳಗೆ ಬರೆದಿದ್ದಳು: "ನಿನ್ನ ಅಕ್ಷರ ನೋಡಿ ಜೀವ ತಂಪಾತು. ದೀರ್ಘ ಬಿಡಬ್ಯಾಡ. ಬಿಟ್ಟರ ಬೇರೆ ಅನ್ನೋದು ಬೆರೆ ಆಗ್ತದ. ಅದೂ ಚಲೋನ ಅದ, ಆದರ ನೀ ಅಂದದ್ದು ಅದಲ್ಲ. ಶೇಂಗಾದ ಊರು ಎಲ್ಲದ? ಮೊದಲಿನ ಎರಡು ಕಾರ್ಡು ನಿಮ್ಮವ್ವ ಓದಿ ಕಾಗದದ ಮ್ಯಾಲೆ ಬರದು ತೋರಿಸಿದಳು. ಇದೊಂದು ನಾನೇ ಓದಿದೆ."

ಆ ಕಡೆಯ ಮಾತನ್ನು ಓದಿ ನಾನು ಅತ್ತದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಓದು ಮುಗಿಸಿ 2021ರಲ್ಲಿ ಊರಿಗೆ ಮರಳಿದೆ. ನಾಲ್ಕು ಕಾರ್ಡುಗಳೂ ಅಜ್ಜಿಯ ಟ್ರಂಕಿನಲ್ಲಿ, ಅವಳ ಮದುವೆಯ ಗದ್ವಾಲ ಸೀರೆಯ ಮಡಿಕೆಯೊಳಗೆ ಇದ್ದವು. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ನೇಯಬೇಕು. ಮೂರು ಲಾಳಿಗಳ ಕೆಲಸ. ಸಿಕ್ಕಿಸುವಲ್ಲಿ ನೇಕಾರ ಬೇಸರಪಟ್ಟರೆ ಸೀರೆ ಅಲ್ಲಿಯೇ ಬಿಡುತ್ತದೆ. ಇದನ್ನು ನಮ್ಮ ತಂದೆ ನನಗೆ ಚಿಕ್ಕಂದಿನಲ್ಲಿಯೇ ಹೇಳಿದ್ದರು, ಅರ್ಥವಾದದ್ದು ಈಗ.

ಗದ್ವಾಲದಲ್ಲಿರುವ ಅಕ್ಕನ ಮಗಳಿಗೆ ಈಗ ತಿಂಗಳಿಗೆರಡು ಕಾರ್ಡು ಬರೆಯುತ್ತೇನೆ. ಅವಳು ಉತ್ತರ ಬರೆಯುತ್ತಾಳೆ. ನನ್ನ ಹಾಗೆಯೇ ದೀರ್ಘ ಬಿಡುತ್ತಾಳೆ. ನಾನು ಪೆನ್ಸಿಲಿನಿಂದ ತಿದ್ದಿ ಮರಳಿಸುತ್ತೇನೆ. ಓದುಗ ಬಾಂಧವರ ಮನೆಯಲ್ಲಿಯೂ ಕನ್ನಡ ಆಡುವ, ಆದರೆ ಓದಲಾರದ ಮಕ್ಕಳಿದ್ದರೆ, ಹಿಂಡಿಯ ಪೊಟ್ಟಣಕ್ಕೊಂದು ಚೀಟಿ ಅಂಟಿಸುವುದರಿಂದ ಮೊದಲುಮಾಡಬಹುದು.

ಈ ಬರಹವನ್ನು ಮೊದಲು ಓದಿದವಳು ಅಜ್ಜಿಯೇ. ಭೂತಗನ್ನಡಿ ಹಿಡಿದು ಎರಡು ದಿನ ಓದಿದಳು. ನಾಲ್ಕು ಕಡೆ ತಿದ್ದಿದಳು. ಕಡೆಗೆ ಹಾಳೆಗಳನ್ನು ನನ್ನ ಕೈಗೆ ಕೊಟ್ಟು, "ಎಲ್ಲಾ ಚಲೋ ಬರದಿ. ಆದರ ಹತ್ತು ದಿನಾ ಬರೇ ಬ್ರೆಡ್ಡು ಹಿಂಡಿ ತಿಂದ್ಯಾ?" ಎಂದಳು.