ಗೋಲಿಯಷ್ಟು ಹಣ್ಣು

‘ಬೀಜವು ಮೊಳೆಯಲು ನೀರು, ಗಾಳಿ, ಶಾಖಗಳು ಅವಶ್ಯ’ ಎಂದು ನಾವು ಎಷ್ಟು ಸಲ ಬೋಧಿಸಿರುವೆವೋ ಲೆಕ್ಕವಿಲ್ಲ. ಆದರೆ ಸ್ವತಃ ಬೀಜ ಬಿತ್ತಿ ಅದರ ಫಲವನ್ನುಣ್ಣುವ ಯೋಗವು ನಮಗೆ ಮೂವತ್ತೈದರ ವಯಸ್ಸಿನವರೆಗೂ ಒದಗಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಾವಿರುವುದು ಕಾಸರಗೋಡಿನ ಮುರಕಲ್ಲಿನ ನೆಲದಲ್ಲಿ. ಬಸಳೆ, ಅಲಸಂಡೆಗಳಿಗೆ ಒಲಿದ ಈ ಮಣ್ಣು ಟೊಮೇಟೊವಿಗೆ ಸುಲಭವಾಗಿ ಒಲಿಯದು. ಮಳೆಯ ಹೊಡೆತ ಒಂದೆಡೆ, ಮಣ್ಣಿನ ಹುಳಿಯೂ ಬಾಡುರೋಗವೂ ಇನ್ನೊಂದೆಡೆ. ಕಳೆದ ವರ್ಷ ಬಂಧುಗಳು ತಂದಿತ್ತ ಗೋಲಿಯಷ್ಟು ಗಾತ್ರದ ಚೆರಿ ಟೊಮೇಟೊಗಳನ್ನು ಶಾಲೆಗೆ ಒಯ್ದಾಗ, ನಾಲ್ಕನೆಯ ತರಗತಿಯ ಬಾಲಕನೊಬ್ಬನು, “ಮಾಸ್ಟ್ರೇ, ಈ ತಕ್ಕಾಳಿಯ ಬೀಜ ಹಾಕಿದರೆ ಗಿಡ ಆಗ್ತದಾ?” ಎಂದು ಕೇಳಿದನು.

ಮನೆಯಲ್ಲಿ ತುಳು, ಬೀದಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ಹುಡುಗ ಅವನು. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದಂದಿನಿಂದ, ಇಲ್ಲಿಯ ಕನ್ನಡ ಉಪಾಧ್ಯಾಯರಿಗೆ ಒಂದೊಂದು ಶಬ್ದವನ್ನೂ ಕಾವಲು ಕಾಯುವ ಅಭ್ಯಾಸ. ನಾವು ಪ್ರಶ್ನೆಗೆ ಉತ್ತರಿಸುವ ಬದಲು, “ತಕ್ಕಾಳಿಯಲ್ಲ, ಟೊಮೇಟೊ; ಹತ್ತು ಸಲ ಬರೆ” ಎಂದೆವು. ಅವನು ಬರೆದನು. ಆಮೇಲೆ ಪ್ರಶ್ನೆ ಕೇಳುವುದನ್ನೇ ಬಿಟ್ಟನು.

ಆ ಪ್ರಶ್ನೆಯು ಮಾತ್ರ ನಮ್ಮನ್ನು ಬಿಡಲಿಲ್ಲ. ಹಣ್ಣನ್ನು ಹಿಂಡಿ, ಲೋಳೆಸಹಿತ ಬೀಜವನ್ನು ನೀರಿನಲ್ಲಿ ಮೂರು ದಿನ ಹುಳಿಯಬಿಟ್ಟೆವು. ಆ ಲೋಳೆಯು ಮೊಳಕೆಯನ್ನು ತಡೆಯುತ್ತದೆ. ತೇಲಿದ ಜೊಳ್ಳನ್ನು ಚೆಲ್ಲಿ, ತಳದ ಬೀಜಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿದೆವು. ಮಳೆ ಇಳಿದ ಅಕ್ಟೋಬರಿನಲ್ಲಿ ತೂತು ಮಾಡಿದ ಗೆರಟೆಗಳಲ್ಲಿ ಮಣ್ಣು, ಮರಳು, ಹಟ್ಟಿಗೊಬ್ಬರ ತುಂಬಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿದೆವು. ಏಳನೆಯ ದಿನ ಮೊಳಕೆ! ಆನಂದಾತಿಶಯದಿಂದ ದಿನಕ್ಕೆ ಮೂರು ಬಾರಿ ನೀರೆರೆದೆವು. ವಾರದೊಳಗೆ ಸಸಿಗಳೆಲ್ಲ ಬುಡದಲ್ಲಿ ಕೊಳೆತು ಅಡ್ಡ ಬಿದ್ದವು. ಬರದಿಂದಲ್ಲ, ನಮ್ಮ ಅತಿಯಾದ ಆರೈಕೆಯಿಂದಲೇ ಅವು ಸತ್ತವು. ಬರಿದಾದ ಗೆರಟೆಗಳ ಮುಂದೆ ಕುಳಿತಾಗ ಆ ಹುಡುಗನ ಮೌನವು ನಮಗೆ ನೆನಪಾಯಿತು.

ಮರುದಿನ ಉಳಿದ ಬೀಜಗಳನ್ನು ಅವನ ಕೈಗೇ ಇತ್ತು, “ನಮ್ಮದು ಸತ್ತಿತು, ನೀನು ನೋಡು” ಎಂದೆವು. ನವೆಂಬರಿನ ಆರಂಭದಲ್ಲಿ ಶಾಲೆಯ ಜಗಲಿಯಲ್ಲಿ ಎರಡನೆಯ ಬಿತ್ತನೆಯಾಯಿತು. ಬೆರಳಿಟ್ಟು ನೋಡಿ ಮಣ್ಣು ಒಣಗಿದ್ದರೆ ಮಾತ್ರ ನೀರು, ಬೆಳಗಿನ ಎಳೆಬಿಸಿಲು. ನಾಲ್ಕೈದು ಎಲೆ ಮೂಡಿದ ಮೇಲೆ, ನೆಲದ ಬಾಡುರೋಗಕ್ಕಂಜಿ ಕುಂಡಗಳಿಗೇ ಬದಲಿಸಿದೆವು. ಕಾಂಡದಿಂದಲೂ ಬೇರು ಹೊರಡುವುದರಿಂದ ಕೆಳಗಿನ ಎಲೆಗಳವರೆಗೆ ಹೂತು, ಬಿದಿರುಕಡ್ಡಿಯ ಆಸರೆ ಕೊಟ್ಟೆವು. ಹಳದಿ ಹೂಗಳು ಬಂದಾಗ ಹುಡುಗನು ದಿನವೂ ಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟುತ್ತಿದ್ದನು. ತನ್ನ ಪರಾಗವೇ ತನಗೆ ಸಾಕಾಗುವ ಹೂವದು.

ಫೆಬ್ರವರಿಯಲ್ಲಿ ಹಣ್ಣಾಯಿತು. ಮಿಶ್ರತಳಿಯ ಬೀಜವಿರಬೇಕು, ಕೆಲವು ಗಿಡಗಳಲ್ಲಿ ದುಂಡಗೆ, ಕೆಲವುಗಳಲ್ಲಿ ನೀಳವಾಗಿ. ಒಂಬತ್ತು ಮಕ್ಕಳಿಗೂ ಎರಡೆರಡು ಹಣ್ಣು ಸಿಕ್ಕಿತು.

ಅಂದು ಅವನು ಬರೆದ ಪ್ರಬಂಧದ ಶೀರ್ಷಿಕೆ ‘ನಮ್ಮ ತಕ್ಕಾಳಿ ಗಿಡ’. ಒಂದು ಪುಟ ತುಂಬ ಕನ್ನಡ. ಕೆಂಪು ಮಸಿಯನ್ನು ಮುಚ್ಚಿಟ್ಟು, ಪಕ್ಕದಲ್ಲಿ ‘ಟೊಮೇಟೊ ಎಂದೂ ಹೇಳುತ್ತಾರೆ’ ಎಂದಷ್ಟೇ ಬರೆದೆವು.

ಬರುವ ವರ್ಷ ಅವನನ್ನು ಬೇರೆ ಮಾಧ್ಯಮಕ್ಕೆ ಸೇರಿಸುವ ಯೋಚನೆ ಅವನ ತಂದೆಯವರಿಗಿದೆ. ನಾವು ಒಮ್ಮೆ ಹೋಗಿ ವಿನಂತಿಸಿ ಬಂದಿದ್ದೇವೆ. ಅವನು ಒಣಗಿಸಿದ ಬೀಜದ ಪೊಟ್ಟಣವೊಂದು ನಮ್ಮ ಮೇಜಿನ ಸೆಳೆಖಾನೆಯಲ್ಲಿದೆ. ಒದ್ದೆ ತಾಗದಿದ್ದರೆ ಮೂರು ನಾಲ್ಕು ವರ್ಷ ಕೆಡದು.