ಮನೇಲಿ ಎಷ್ಟು ಜನ?

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಬೀದಿಯವರು ‘ಡಾಕ್ಟರಿಗೆ ತೋರಿಸಿದ್ರಾ?’ ಎಂದು ಕೇಳಿ ಸುಮ್ಮನಾಗುತ್ತಾರೆ. ಫ್ರಿಜ್ಜು ಕೆಟ್ಟರೆ ಹಾಗಲ್ಲ, ಎಲ್ಲರೂ ತಾವೇ ಡಾಕ್ಟರಾಗುತ್ತಾರೆ. ಅಷ್ಟು ಜನ ಕಂಡುಹಿಡಿಯುವ ಕಾಯಿಲೆಯೂ ಒಂದೇ: ‘ಗ್ಯಾಸ್ ಹೋಗಿದೆ.’

ಈ ಏಪ್ರಿಲ್ ಕೊನೆಯಲ್ಲಿ ನಮ್ಮ ಡಬಲ್ ಡೋರ್ ಫ್ರಿಜ್ಜೂ ಆ ಮಾತು ಕೇಳಿಸಿಕೊಂಡಿತು. ಮೊದಲ ಸುಳಿವು ಕೊಟ್ಟದ್ದು ದೋಸೆಹಿಟ್ಟು. ರಾತ್ರಿ ಒಳಗಿಟ್ಟದ್ದು ಬೆಳಿಗ್ಗೆ ಮುಚ್ಚಳ ತಳ್ಳಿಕೊಂಡು ಉಕ್ಕಿ, ಕೆಳಗಿದ್ದ ಕೊತ್ತಂಬರಿಸೊಪ್ಪಿನ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಹಾಲು ಒಡೆಯಿತು. ಮೊಸರು ಮಧ್ಯಾಹ್ನಕ್ಕೇ ಹುಳಿಯಾಯಿತು. ವಿಚಿತ್ರವೆಂದರೆ ಮೇಲೆ ಫ್ರೀಜರಿನಲ್ಲಿ ಐಸು ಗಟ್ಟಿಯಾಗಿಯೇ ಇತ್ತು. ಪಕ್ಕದ ಮನೆಯ ರಾಯರು ಬಂದು ಫ್ರಿಜ್ಜಿನ ಪಕ್ಕೆ ಮುಟ್ಟಿ, ‘ಕಾದಿದೆಯಲ್ರೀ, ಕಂಪ್ರೆಸರ್ರೂ ಹೋದಂಗಿದೆ’ ಎಂದರು. ಹೊರಡುವ ಮುಂಚೆ ಫ್ರೀಜರಿನೊಳಗಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಉಪಕಾರ ಮಾಡಿ ಹೋದರು.

ರಿಪೇರಿ ಹುಡುಗ ಬಂದು ನಕ್ಕ. ‘ಗ್ಯಾಸ್ ಹೋಗಿದ್ರೆ ಮೇಲೆ ಐಸ್ ಹೆಂಗೆ ಕಟ್ಟುತ್ತೆ ಸಾರ್?’ ಫ್ರಿಜ್ಜಿನ ಗ್ಯಾಸು ಅಡುಗೆ ಸಿಲಿಂಡರಿನದಲ್ಲವಂತೆ, ಬಳಸಿದಷ್ಟೂ ಮುಗಿಯುವುದಕ್ಕೆ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ, ಎಲ್ಲಾದರೂ ತೂತಾದರೆ ಮಾತ್ರ ಹೋಗುತ್ತದೆ. ಪಕ್ಕೆ ಬಿಸಿಯಾಗುವುದೂ ಸರಿಯೇ, ಒಳಗಿಂದ ಎಳೆದ ಶಾಖ ಅಲ್ಲಿಂದಲೇ ಹೊರಗೆ ಹೋಗಬೇಕು. ಇಂಥ ಫ್ರಿಜ್ಜಿನಲ್ಲಿ ತಂಪು ಹುಟ್ಟುವುದು ಮೇಲೆ ಮಾತ್ರ. ಒಂದು ಪುಟ್ಟ ಫ್ಯಾನು ಅದನ್ನು ಹಿಂದಿನ ಕಿಂಡಿಗಳಿಂದ ಕೆಳಕ್ಕೆ ನೂಕುತ್ತದೆ.

ಫ್ರೀಜರಿನ ಹಿಂಬದಿಯ ಹಲಗೆ ಬಿಚ್ಚಲು ಮೊದಲು ಅದನ್ನು ಖಾಲಿ ಮಾಡಬೇಕಿತ್ತು. ಜನವರಿಯ ಹಿದುಕಿದ ಅವರೆಬೇಳೆ ಹೊರಬಂತು. ಯುಗಾದಿಯ ಒಬ್ಬಟ್ಟಿನ ಹೂರಣ ಬಂತು. ಹಲಗೆಯ ಹಿಂದೆ ಫ್ಯಾನು ತಿರುಗುತ್ತಿತ್ತು. ಕಾಯಿಲಿನ ಮೇಲೆ ಐಸು ಮೆತ್ತಿಕೊಂಡಿರಲಿಲ್ಲ, ಎಂದರೆ ಅದನ್ನು ಕರಗಿಸುವ ಹೀಟರೂ ಸರಿಯಿತ್ತು. ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದ, ಬಿಗಿಯಾಗಿತ್ತು. ಕೊನೆಗೆ ಕೆಳಗೆ ಟಾರ್ಚ್ ಬಿಟ್ಟು, ‘ಕಿಂಡಿ ಎಲ್ಲಿ ಸಾರ್?’ ಎಂದ.

ಕಿಂಡಿಯ ಮುಂದೆ ಡಬ್ಬಿಗಳ ಸಾಲು. ಪುಳಿಯೋಗರೆ ಗೊಜ್ಜು, ಮಾವಿನಮಿಡಿ, ಚಟ್ನಿಪುಡಿ, ತುಪ್ಪ. ಒಂದೊಂದರ ಮೇಲೂ ಹಳೆಯ ಕ್ಯಾಲೆಂಡರಿನ ಚೂರು, ಅದರಲ್ಲಿ ನನ್ನ ಹೆಂಡತಿಯ ದುಂಡಕ್ಷರ: ‘ಪುಟ್ಟಿಗೆ’, ‘ಪಾಪುಗೆ’.

‘ಮನೇಲಿ ಎಷ್ಟು ಜನ ಅಮ್ಮಾ?’

‘ನಾಲ್ಕು’ ಎಂದಳು.

ಪುಟ್ಟಿ ಟೊರಾಂಟೊದಲ್ಲಿದ್ದಾಳೆ. ಪಾಪುವಿಗೆ ಪುಣೆಯಲ್ಲಿ ಕೆಲಸ, ಕೂದಲು ನರೆಯತೊಡಗಿದೆ. ನಾನು ತಿದ್ದಲು ಹೋಗಲಿಲ್ಲ. ಜನಗಣತಿಯವರು ಕೇಳಿದ್ದರೆ ಅವಳೂ ಎರಡೇ ಎನ್ನುತ್ತಿದ್ದಳು. ಫ್ರಿಜ್ಜಿನ ಲೆಕ್ಕ ಬೇರೆ.

ನಮ್ಮಮ್ಮನ ಕಾಲದಲ್ಲಿ ಫ್ರಿಜ್ಜಿರಲಿಲ್ಲ. ಹಬ್ಬಕ್ಕೆ ಬಾರದವರ ಪಾಲು ಮರುದಿನ ಅಕ್ಕಪಕ್ಕದವರಿಗೆ, ಇಲ್ಲವೇ ಹಸುವಿಗೆ. ಬರಲಿಲ್ಲವೆಂಬ ಬೇಸರಕ್ಕೂ ಅಷ್ಟೇ ಆಯಸ್ಸು. ಈಗ ಅದನ್ನು ಮೈನಸ್ 18 ಡಿಗ್ರಿಯಲ್ಲಿ ಮುಂದಿನ ಹಬ್ಬದವರೆಗೂ ಕೆಡದಂತೆ ಇಡಬಹುದು.

ಹುಡುಗ ಗುಂಡಿಯನ್ನು ಮಧ್ಯಕ್ಕೆ ತಂದ. ಪೂರ್ತಿ ತಿರುಗಿಸಿದರೆ ತಣ್ಣನೆ ಗಾಳಿ ಮೇಲೆಯೇ ಉಳಿದು ಕೆಳಗೆ ಇನ್ನೂ ಕಮ್ಮಿಯಾಗುತ್ತದಂತೆ. ಅರ್ಧ ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ‘ಹಿಂದೆ ನಾಲ್ಕು ಬೆರಳು ಜಾಗ ಬಿಡಿ, ಗಾಳಿ ಆಡಲಿ’ ಎಂದು ಹೇಳಿ ವಿಸಿಟಿಂಗ್ ಚಾರ್ಜು ತೆಗೆದುಕೊಂಡು ಹೋದ. ರಾತ್ರಿಯ ಹೊತ್ತಿಗೆ ನೀರಿನ ಬಾಟಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿತ್ತು.

ಹೊರಗುಳಿದ ಗೊಜ್ಜನ್ನು ನಾವೇ ತಿಂದು ಮುಗಿಸೋಣವೆಂದೆ. ‘ಮಕ್ಕಳಿಗೆ ಅಂತ ಇಟ್ಟಿದ್ದನ್ನ ನೀವು ತಿಂತೀರೇನ್ರೀ?’ ಎಂದು ಡಬ್ಬಿಗಳನ್ನೆಲ್ಲ ರಾಯರ ಮನೆಗೆ ಸಾಗಿಸಿದಳು. ಅವರ ಫ್ರಿಜ್ಜು ಖಾಲಿ ಹೊಡೆಯುತ್ತಿತ್ತಂತೆ.

ಮೊನ್ನೆ ರಾಯರು ಗೇಟಿನ ಹತ್ತಿರ ನಿಂತು, ‘ಯಾಕೋ ನಮ್ಮದೂ ತಣ್ಣಗಾಗ್ತಿಲ್ಲ ರೀ, ಆ ಹುಡುಗನ ನಂಬರ್ ಕೊಡಿ’ ಎಂದರು. ನಾನು ಫೋನು ತೆಗೆಯುವಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು: ‘ಅವನು ಬೇಡ ಅನ್ನಿ. ಬಂದರೆ ಎಲ್ಲಾನೂ ಹೊರಗೆ ತೆಗೆಸ್ತಾನೆ.’