ತಂಬೂರಿಯ ಕುದುರೆ

ಹೆಸರು ಕುದುರೆ, ಆದರೆ ಅದು ಓಡುವುದಿಲ್ಲ. ತಂಬೂರಿಯ ಹೊಟ್ಟೆಯ ಹಲಗೆಯ ಮೇಲೆ ನಿಂತಲ್ಲೇ ನಿಂತು, ನಾಲ್ಕು ತಂತಿಗಳ ಒತ್ತಡವನ್ನು ಹಗಲಿರುಳೂ ಹೊರುತ್ತದೆ. ಹಾಡುಗಾರನ ಕಂಠವನ್ನು ಕೊಂಡಾಡುವವರು ಬಹಳ. ಆ ಕಂಠಕ್ಕೆ ಶ್ರುತಿಯ ಆಸರೆ ನೀಡುವ ಈ ಪುಟ್ಟ ತುಂಡನ್ನು ನೆನೆಯುವವರು ವಿರಳ. ಅದು ಸವೆದು ನಾದ ಕೆಟ್ಟಾಗಲೇ ಅದರ ಬೆಲೆ ತಿಳಿಯುವುದು.

ಭೀಮಾ ನದಿಯ ಸೀಮೆಯ ಇಂಡಿ, ಸಿಂದಗಿ, ಕೃಷ್ಣೆಯ ಸೀಮೆಯ ಮುದ್ದೇಬಿಹಾಳ, ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಸವನ ಬಾಗೇವಾಡಿ, ಇವೆಲ್ಲ ಭಜನೆ, ತತ್ತ್ವಪದ, ವಚನಗಾಯನಗಳು ಬೇರೂರಿದ ನೆಲ. ತನ್ನ ದೇಹವನ್ನೇ ವಾದ್ಯವಾಗಿಸೆಂದು ಬಸವಣ್ಣನವರು ಒಂದು ವಚನದಲ್ಲಿ ದೇವರನ್ನು ಬೇಡಿದ್ದಾರೆ. ಇಂಥ ನಾಡಿನಲ್ಲಿ ತಂಬೂರಿ, ಏಕತಾರಿಗಳು ಮನೆಯ ಹಿರಿಯರಂತೆ ಗೌರವ ಪಡೆದುದು ಸಹಜವೇ ಆಗಿದೆ.

ತಂಬೂರಿಯ ಕುದುರೆಯ ನೆತ್ತಿ ಚೂಪಾಗಿರುವುದಿಲ್ಲ. ಅಗಲವಾಗಿ, ಕಂಡೂ ಕಾಣದಷ್ಟು ಬಾಗಿರುತ್ತದೆ. ಕಂಪಿಸುವ ತಂತಿ ಆ ಬಾಗಿನ ಮೇಲೆ ತಾಗಿ ತಾಗಿ ಸರಿಯುವುದರಿಂದಲೇ ಒಂದು ಸ್ವರದೊಳಗಿಂದ ಅನೇಕ ಉಪಸ್ವರಗಳು ಹೊಮ್ಮುತ್ತವೆ. ಈ ಗುಣಕ್ಕೆ ಜವಾರಿ ಎಂದು ಹೆಸರು. ತಂತಿಯ ಕೆಳಗೆ ಸೇರಿಸುವ ಹತ್ತಿಯ ನೂಲು ಅದನ್ನು ಹದಗೊಳಿಸುತ್ತದೆ. ವಿಜ್ಞಾನಿ ಸಿ. ವಿ. ರಾಮನ್ನರು ಈ ಸೋಜಿಗವನ್ನು ಪರಿಶೀಲಿಸಿ 1921ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ವರ್ಷಗಟ್ಟಲೆ ಮೀಟಿದ ಮೇಲೆ ತಂತಿ ಕುದುರೆಯ ನೆತ್ತಿಯಲ್ಲಿ ಗೆರೆ ಕೊರೆಯುತ್ತದೆ. ಗೆರೆಯೊಳಗೆ ಸಿಕ್ಕಿದ ತಂತಿ ಮಂಕಾಗುತ್ತದೆ, ಇಲ್ಲವೇ ಕರ್ಕಶವಾಗುತ್ತದೆ. ಆಗ ಕುಶಲಕರ್ಮಿ ತಂತಿಗಳನ್ನು ಸಡಿಲಿಸಿ, ನೆತ್ತಿಯನ್ನು ಅರದಿಂದ ನವಿರಾಗಿ ಉಜ್ಜುತ್ತಾನೆ. ಮತ್ತೆ ತಂತಿ ಬಿಗಿದು, ಶ್ರುತಿಗೂಡಿಸಿ, ಕಿವಿಗೊಡುತ್ತಾನೆ. ಸಾಲದಾದರೆ ಮತ್ತೆ ಉಜ್ಜುತ್ತಾನೆ. ಉಜ್ಜಿದ್ದನ್ನು ಮರಳಿ ಅಂಟಿಸಲಾಗದು. ಒಂದು ಎಳೆ ಹೆಚ್ಚಾದರೂ ಹಲವು ಕಾಲ ಹಾಡಿಗೆ ಜೊತೆಯಾದ ದನಿ ಬದಲಾಗುತ್ತದೆ.

ವಿದ್ಯುತ್ ಗಿಟಾರಿಗೂ ಇಂಥದೇ ಕುದುರೆಯುಂಟು. ಆದರೆ ಅಲ್ಲಿ ಸಾಮಾನ್ಯವಾಗಿ ಪ್ರತಿ ತಂತಿಗೂ ಬೇರೆ ಲೋಹದ ಪೀಠ, ಅದನ್ನು ಸರಿಪಡಿಸಲು ತಿರುಪು. ಸವೆದರೆ ಅದೇ ಅಳತೆಯ ಬಿಡಿಭಾಗವನ್ನು ತಂದು ಜೋಡಿಸಬಹುದು. ತಂಬೂರಿಗೆ ಆ ಸೌಕರ್ಯವಿಲ್ಲ. ಹೊಸ ಕುದುರೆಯ ಕಾಲುಗಳು ಆ ಒಂದು ವಾದ್ಯದ ಹಲಗೆಯ ಉಬ್ಬಿಗೆ ಸಂದಿಲ್ಲದಂತೆ ಕೂರಬೇಕು. ವಾದ್ಯಗಳಲ್ಲಿ ಹಿಂದೆ ಬಳಸುತ್ತಿದ್ದ ಆನೆಯ ದಂತ, ಜಿಂಕೆಯ ಕೊಂಬುಗಳ ವ್ಯಾಪಾರವನ್ನು ಕಾನೂನು ಇಂದು ನಿಷೇಧಿಸಿದೆ. ನಾದಕ್ಕಾಗಿ ಮೂಕಪ್ರಾಣಿಯ ಜೀವ ಹೋಗಬಾರದಷ್ಟೆ.

ಈ ವಿದ್ಯೆಗೆ ಹೆಸರಾದ ಊರು ನೆರೆಯ ಮಹಾರಾಷ್ಟ್ರದ ಮಿರಜ. ಒಂದು ಕಾಲಕ್ಕೆ ಆಯುಧಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಅಲ್ಲಿ ವಾದ್ಯ ತಯಾರಿಕೆಗೆ ಕೈಹಾಕಿದರು. ಕತ್ತಿಗೆ ಹರಿತ ತರುತ್ತಿದ್ದ ಕೈ ತಂತಿಗೆ ಇಂಪು ತಂದಿತು. ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಈ ಕೆಲಸದಲ್ಲಿ ಉಜ್ಜುವುದು ಅರ್ಧ ವಿದ್ಯೆ. ಎಲ್ಲಿ ನಿಲ್ಲಿಸಬೇಕೆಂದು ಅರಿಯುವುದು ಉಳಿದರ್ಧ. ಅದನ್ನು ಯಾವ ಅಳತೆಗೋಲೂ ಹೇಳದು, ಕಿವಿಯೇ ಹೇಳಬೇಕು. ಕೇಳಬಲ್ಲ ಕಿವಿಗಳು ಉಳಿಯುವವರೆಗೆ ಹಳೆಯ ತಂಬೂರಿಗಳು ಮೂಲೆ ಸೇರವು.